ಮಟ್ಟಿಯೋ, ಮ್ಯಾಟೋ?

ಮಗನನ್ನು ಕುಸ್ತಿಗೆ ಬಿಡುವ ಮುನ್ನ ಒಂದು ಮಾತು ಖಚಿತವಾಗಲಿ: ಅವನಿಗೆ ಬೇಕಿರುವುದು ಜಾತ್ರೆಯ ಕಣವೋ, ಸರ್ಟಿಫಿಕೇಟೋ?

ಮಟ್ಟಿಯ, ಅಂದರೆ ಮಣ್ಣಿನ ಕಣದ ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದವನೇ, ಬೆನ್ನು ನೆಲಕ್ಕೆ ತಾಗಿಸಿದವನೇ ಗೆದ್ದ, ಪಾಯಿಂಟಿನ ಗೊಡವೆಯಿಲ್ಲ. ಮೈಸೂರು ದಸರೆಗೆ ಮುನ್ನ ಜೋಡಿ ಕಟ್ಟುವಾಗ ಹಿರಿಯ ಪೈಲ್ವಾನರು ಮೈಕಟ್ಟು ನೋಡಿಯೇ ಸರಿಜೋಡಿ ಹುಡುಕುತ್ತಾರೆ. ಆ ಕಣ್ಣಂದಾಜಿನ ಮೇಲೆ ನನಗೆ ನಂಬಿಕೆಯಿದೆ. ಆದರೆ ಊರ ಜಾತ್ರೆಯ ಕಣದಲ್ಲಿ ಡಾಕ್ಟರು ಇರುತ್ತಾರೆಯೇ ಎಂದು ನೀವೇ ವಿಚಾರಿಸಿಕೊಳ್ಳಬೇಕು.

ಮ್ಯಾಟ್ ಮೇಲೆ ಎಲ್ಲವೂ ಬರೆದಿಟ್ಟ ನಿಯಮ: ತೂಕದ ವಿಭಾಗ, ಹಿರಿಯರಿಗೆ 3 ನಿಮಿಷದ ಎರಡು ಸುತ್ತು, ಫ್ರೀಸ್ಟೈಲ್ ಎಂಬ ಪ್ರಕಾರದಲ್ಲಿ 10 ಪಾಯಿಂಟ್ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಒಲಿಂಪಿಕ್ಸ್‌ಗೆ ದಾರಿಯೂ ಇದೇ. ಹಾಗೆಂದು ಪಂದ್ಯ ನಡೆಸುವ ಸಂಘದ ಮಾನ್ಯತೆ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾರತೀಯ ಕುಸ್ತಿ ಫೆಡರೇಷನ್ನನ್ನೇ ಅಮಾನತು ಮಾಡಿತು. ತೆರವಾದದ್ದು 2025ರ ಮಾರ್ಚ್‌ನಲ್ಲಿ. ದೊಡ್ಡವರ ಜಗಳದಲ್ಲಿ ಸೊರಗಿದ್ದು ಹುಡುಗರ ವಯಸ್ಸು.

ಕ್ರೀಡಾ ಕೋಟಾದ ಕೆಲಸ ಕಣ್ಣಲ್ಲಿದ್ದರೆ ಮ್ಯಾಟ್ ಹಿಡಿಯಿರಿ; ಪಂದ್ಯ ನಡೆಸುವ ಸಂಘಕ್ಕೆ ಮಾನ್ಯತೆ ಇದೆಯೇ ಎಂದು ಮೊದಲೇ ಕೇಳಿ. ಎಳೆಯ ಹುಡುಗನಾದರೆ ನಾನಂತೂ ಗರಡಿಗೇ ಕಳಿಸುತ್ತೇನೆ. ಅಲ್ಲಿ ಕಲಿತ ಪಟ್ಟು ಮ್ಯಾಟ್ ಮೇಲೂ ನಡೆಯುತ್ತದೆ.