ಬುಲೆಟ್‌ಗೆ ‘ರೇಡಿಯಲ್’ ಅಂತ ಏಳು ವರ್ಷದ ಟಯರ್ ಹಾಕಿ ಕಳಿಸಿದರು. ಶಿರಸಿ ಕಡೆಯವರು ನೋಡಿಕೊಳ್ಳಿ

ಮೊದಲೇ ಹೇಳುತ್ತೇನೆ, ತಪ್ಪು ನನ್ನದೂ ಇದೆ. ಬರೆಯಲಿಕ್ಕೆ ನಾಚಿಕೆ ಆಗುತ್ತದೆ. ಆದರೆ ಮಳೆ ಶುರುವಾಗಿದೆ, ಎಲ್ಲರೂ ಟಯರ್ ಬದಲಿಸುವ ಹೊತ್ತು ಇದು.

ಬೈಕು ಅಪ್ಪನದು. 1994ರ ಬುಲೆಟ್ 350. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಸ್ಪೋಕ್ ರಿಮ್, ಒಳಗೆ ಟ್ಯೂಬು, ಎರಡೂ ಚಕ್ರಕ್ಕೆ 3.25-19 ಅಳತೆಯ ಟಯರ್. ಹಿಂದಿನ ಟಯರ್ ಬೋಳಾಗಿತ್ತು. ಶಿರಸಿ ಪೇಟೆಯ ಒಂದು ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ. ಕೇಳಿದ್ದು ಮಾಮೂಲಿ ಟಯರ್, ನಾವು ನೈಲಾನ್ ಟಯರ್ ಅಂತೀವಲ್ಲ, ಅದು. 2,300 ಅಂದರು.

ಅಷ್ಟಕ್ಕೆ ಕೊಂಡು ಬಂದಿದ್ದರೆ ಮುಗಿದಿತ್ತು.

“ಯಾವ ಕಾಲದಲ್ಲಿದ್ದೀರಿ ಮಾರಾಯ್ರೇ? ನೈಲಾನ್ ಈಗ ಯಾರು ಹಾಕ್ತಾರೆ? ರೇಡಿಯಲ್ ಹಾಕಿ. ಘಟ್ಟದಲ್ಲಿ ರಸ್ತೆಗೆ ಅಂಟಿಕೊಂಡೇ ಹೋಗ್ತದೆ.” ಒಳಗಿಂದ ಒಂದು ಟಯರ್ ತಂದರು. ಕರ್‍ರಗೆ ಮಿರಮಿರ ಮಿಂಚುತ್ತಿತ್ತು. ಪಾಲಿಶ್ ಹೊಡೆದದ್ದು ಅಂತ ಈಗ ಗೊತ್ತಾಗಿದೆ. ರೇಟು 4,800.

ಇದು ರೇಡಿಯಲ್ ಹೌದಾ ಅಂತ ನಾನು ಕೇಳಿದೆ. ಕೇಳಿದ್ದೇನೆ, ಸುಮ್ನೆ ಕೂತಿರಲಿಲ್ಲ! ಅವರು ಟಯರಿನ ಮೇಲಿನ ಗೆರೆಗಳ ಮೇಲೆ ಬೆರಳಾಡಿಸಿ, “ನೋಡಿ, ಗೆರೆ ಹೇಗೆ ಅಡ್ಡ ಹೋಗಿದೆ. ಇದೇ ರೇಡಿಯಲ್” ಅಂದರು. ನಾನು ತಲೆ ಆಡಿಸಿದೆ. ಎಲ್ಲ ಅರ್ಥವಾದವನ ಹಾಗೆ ತಲೆ ಆಡಿಸಿದೆ. ಈಗ ನೆನಪಾದರೆ ಮೈ ಉರಿಯುತ್ತದೆ. ಮೇಲಿನ ಗೆರೆಗೂ ರೇಡಿಯಲ್‌ಗೂ ಸಂಬಂಧವೇ ಇಲ್ಲ. ರೇಡಿಯಲ್ ಅನ್ನುವುದು ಒಳಗಿನ ದಾರದ ಲೆಕ್ಕ. ದಾರ ಈ ಅಂಚಿನಿಂದ ಆ ಅಂಚಿಗೆ ನೇರ ಅಡ್ಡ ಹೋದರೆ ರೇಡಿಯಲ್, ಓರೆಯಾಗಿ ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಹೋದರೆ ನಾವು ನೈಲಾನ್ ಅನ್ನುವ ಟಯರ್. ಹೊರಗಿಂದ ನೋಡಿ ಯಾರಿಗೂ ಕಾಣುವುದಿಲ್ಲ. ಬದಿಯಲ್ಲಿ ಬರೆದ ಅಳತೆಯನ್ನೇ ಓದಬೇಕು.

ನಾನು ಓದಲಿಲ್ಲ.

“ಮುಂದಿಂದೂ ಬದಲಿಸಬೇಕಾ?” ಅಂದೆ. “ಬೇಡ ಬೇಡ, ಹಿಂದಿಂದು ಒಂದೇ ಸಾಕು” ಅಂದರು. ಬಿಲ್ ಕೇಳಿದ್ದಕ್ಕೆ, “ಜಿಎಸ್‌ಟಿ ಬಿಲ್ ಬೇಕಾದ್ರೆ ಮತ್ತೆ ತೆರಿಗೆ ಸೇರ್ತದೆ, ನೋಡಿ.” ಬೇಡ ಅಂದೆ. ಒಂದು ಚೀಟಿ ಕೊಟ್ಟರು. ಅದರಲ್ಲಿ “ಟಯರ್ 1” ಅಂತ ಅಷ್ಟೇ. ಅಳತೆ ಇಲ್ಲ, ರೇಡಿಯಲ್ ಅಂತ ಇಲ್ಲ, ಏನೂ ಇಲ್ಲ.

ಮನೆಗೆ ಬಂದು ಸುಮ್ನಿರಬೇಕಲ್ಲ? ಇಲ್ಲ. ಅಕ್ಕಪಕ್ಕದವರಿಗೆಲ್ಲ ಹೇಳಿದೆ, ಬುಲೆಟ್‌ಗೆ ರೇಡಿಯಲ್ ಹಾಕಿಸಿದ್ದೇನೆ ಅಂತ. ಭಾವನಿಗೆ ಫೋನ್ ಮಾಡಿಯೇ ಹೇಳಿದೆ.

ಹದಿನೈದು ದಿನ ಆಗಿರಬಹುದು. ಕುಮಟೆಯಲ್ಲಿ ತಂಗಿಯ ಮನೆ. ಹಿಂದೆ ಕ್ಯಾರಿಯರಿಗೆ ಒಂದು ಹಲಸಿನಕಾಯಿ ಕಟ್ಟಿಕೊಂಡು ಹೊರಟೆ. ದೇವಿಮನೆ ಘಟ್ಟದಲ್ಲಿ ಜಿರಿಜಿರಿ ಮಳೆ. ಸ್ಪೀಡು ಮೂವತ್ತೂ ಇರಲಿಲ್ಲ. ಒಂದು ತಿರುವಿನಲ್ಲಿ ಬ್ರೇಕ್ ಮೆಲ್ಲಗೆ ಒತ್ತಿದೆ ಅಷ್ಟೇ, ಹಿಂದಿನ ಚಕ್ರ ಸೋಪಿನ ಮೇಲೆ ಇಟ್ಟ ಹಾಗೆ ಪಕ್ಕಕ್ಕೆ ಹೋಯಿತು. ನಾನು ಒಂದು ಕಡೆ, ಬುಲೆಟ್ ಒಂದು ಕಡೆ, ಹಲಸಿನಕಾಯಿ ಚರಂಡಿಯಲ್ಲಿ. ಹಿಂದೆ ಬರುತ್ತಿದ್ದ ಬಸ್ಸು ನಿಂತಿತು, ಪುಣ್ಯ. ಮಂಡಿ ಸುಲಿದು ಹೋಯಿತು. ಅಷ್ಟಾದರೂ ತಂಗಿಯ ಮನೆಯಲ್ಲಿ ನಾನು ಹೇಳಿದ್ದೇನು ಗೊತ್ತಾ? “ರಸ್ತೆಯ ಕೆಸರು. ಟಯರ್ ಒಳ್ಳೆಯದಿತ್ತು, ಇಲ್ಲದಿದ್ರೆ ಇನ್ನೂ ಪೆಟ್ಟಾಗ್ತಿತ್ತು.”

ಭಾವನೇ ಪತ್ತೆ ಹಚ್ಚಿದ್ದು. ಅಂಗಳದಲ್ಲಿ ಕೂತು ಟಯರಿನ ಕೆಸರು ಒರೆಸಿದ. “3.25-19. ಇದ್ರಲ್ಲಿ ಆರ್ ಎಲ್ಲಿದ್ದು?” ಅಂದ. ರೇಡಿಯಲ್ ಆದರೆ 19ಕ್ಕಿಂತ ಮೊದಲು ಇಂಗ್ಲಿಷಿನ ಆರ್ ಅಕ್ಷರ ಇರಬೇಕು. ಇಲ್ಲಿ ಬರೀ ಗೀಟು. ಅಂದರೆ ನೈಲಾನ್. ನಾನು 2,300ಕ್ಕೆ ಕೇಳಿದ್ದ ಅದೇ ನೈಲಾನ್! ಆಮೇಲೆ ಬ್ಯಾಟರಿ ಹಿಡಿದು ಚೈನ್ ಬದಿಗೆ ನೋಡಿದ. ಅಲ್ಲಿ ನಾಲ್ಕು ಅಂಕಿ: 1917. “ಬ್ರಿಟಿಷರ ಕಾಲದ್ದು ತಂದಿದ್ಯಲ” ಅಂತ ನಕ್ಕ. 2017ರ 19ನೇ ವಾರದಲ್ಲಿ ತಯಾರಾದದ್ದು ಅಂತ ಅದರ ಅರ್ಥ. ಏಳು ವರ್ಷ ಎಲ್ಲೋ ಬಿದ್ದಿದ್ದ ಟಯರ್. ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ, ಅಷ್ಟು ಗಟ್ಟಿ ರಬ್ಬರು. ಮಳೆಯಲ್ಲಿ ಹಿಡಿಯುವುದು ಎಲ್ಲಿಂದ?

ಮರುದಿನವೇ ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

“ನಾನು ರೇಡಿಯಲ್ ಅಂದೆನಾ? ರೇಡಿಯಲ್ ಟೈಪ್ ಅಂದದ್ದು.”

ಏಳು ವರ್ಷ ಹಳೆಯದು ಅಂದೆ. “ಟಯರ್ ಏನು ಹಾಲಾ ಮಾರಾಯ್ರೇ, ಒಡೆದು ಹೋಗ್ಲಿಕ್ಕೆ?”

ಬಿಲ್ ತೋರಿಸಿ ಅಂದರು. ಚೀಟಿ ತೋರಿಸಿದೆ. “ಇದ್ರಲ್ಲಿ ಏನೂ ಬರೆದಿಲ್ವಲ್ಲ.” ಬರೆದವರು ಅವರೇ!

ಅಷ್ಟರಲ್ಲಿ ನಾನೂ ನಾಲ್ಕು ಮೆಕ್ಯಾನಿಕ್‌ಗಳ ಹತ್ತಿರ ಕೇಳಿಕೊಂಡಿದ್ದೆ. ಹಳೇ ಬುಲೆಟ್‌ನ ಸಪೂರ ರಿಮ್‌ಗೆ ನೈಲಾನೇ ಸರಿ. ಅದರ ಬದಿ ಗಟ್ಟಿ, ಭಾರ ತಡೆಯುತ್ತದೆ. ರೇಡಿಯಲ್ ಕೇಳುವುದು ಅಗಲ ರಿಮ್, ಅದರ ಲಾಭ ಕಾಣುವುದು ಜಾಸ್ತಿ ಸ್ಪೀಡಿನ ಬೈಕಿನಲ್ಲಿ. ಅರವತ್ತರಲ್ಲಿ ಹೋಗುವ ಅಪ್ಪನ ಬುಲೆಟ್‌ಗೆ ಅದು ಯಾಕೆ? ಮುಂದೆ ನೈಲಾನ್, ಹಿಂದೆ ರೇಡಿಯಲ್ ಅಂತ ಬೆರಕೆ ಹಾಕುವುದಂತೂ ಬೇಡವೇ ಬೇಡ, ಎರಡೂ ಬಾಗುವ ರೀತಿ ಬೇರೆ. ಅಂದರೆ ಅವರು ಹೇಳಿದ್ದು ನಿಜವಾಗಿದ್ದರೂ ನಾನು ಕೆಟ್ಟೆ, ಸುಳ್ಳಾಗಿಯೂ ಕೆಟ್ಟೆ. ಇದನ್ನೆಲ್ಲ ಅವರ ಮುಂದೆ ಸಿಟ್ಟಿನಲ್ಲಿ ಹೇಳಿಬಿಟ್ಟೆ.

ಅವರು ತಣ್ಣಗೆ ಕೇಳಿದರು: “ನೈಲಾನೇ ಸರಿ ಅಂತ ನೀವೇ ಹೇಳ್ತಿದ್ದೀರಿ. ನಾನು ಕೊಟ್ಟದ್ದು ಅದೇ ಅಲ್ವಾ? ಮತ್ತೆ ಜಗಳ ಯಾಕೆ?”

ನನಗೆ ಬಾಯಿ ಬರಲಿಲ್ಲ. ಅಂಗಡಿಯ ಹುಡುಗ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಕೊನೆಗೆ, “ಮುಂದಿನ ಸಲ ಟಯರ್ ನಮ್ಮಲ್ಲೇ ತಗೊಳ್ಳಿ, ಇನ್ನೂರು ಕಡಿಮೆ ಮಾಡ್ತೇನೆ” ಅಂದರು. ಕಡಿಮೆ ಮಾಡ್ತಾರಂತೆ!

ಹಣ ಕೊಡುವ ಮೊದಲು ಎರಡು ಬದಿಯನ್ನೂ ಓದಿ. ಆರ್ ಇದೆಯಾ, ನಾಲ್ಕು ಅಂಕಿ ಏನಿದೆ, ನೋಡಿ. ಬಿಲ್ಲಿನಲ್ಲಿ ಅಳತೆ ಬರೆಸಿ, ತೆರಿಗೆ ಹೋದರೆ ಹೋಗಲಿ. ಯಾರಾದರೂ ಗೆರೆ ತೋರಿಸಿ ರೇಡಿಯಲ್ ಅಂದರೆ ಎದ್ದು ಬನ್ನಿ.

ನಾನು ಹುಬ್ಬಳ್ಳಿಗೆ ಹೋಗಿ 3.25-19 ನೈಲಾನ್ ಹೊಸದು ತಂದೆ, ಬಿಲ್ ಸಮೇತ. ಹಳೆಯದು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿದೆ. ಭಾವ ಬಂದಾಗಲೆಲ್ಲ ಒಮ್ಮೆ ಅದರ ಕಡೆ ನೋಡುತ್ತಾನೆ. ಆಮೇಲೆ ನನ್ನ ಕಡೆ. “ರೇಡಿಯಲ್ ಹ್ಯಾಂಗಿದ್ದು?”