ಕಾರ್ಬೊನೈಲ್, ರೇನಿ, ಅಟೊಮೈಸ್ಡ್: ಯಾವ ನಿಕಲ್ ಪುಡಿ ತರಿಸಬೇಕು?

ನಿಕಲ್–ಹೈಡ್ರೋಜನ್ ಪ್ರಯೋಗಕ್ಕೆ, ಅಂದರೆ ನಿಕಲ್ ಪುಡಿಗೆ ಹೈಡ್ರೋಜನ್ ಸೇರಿಸಿ ಹೆಚ್ಚುವರಿ ಶಾಖ ಬರುತ್ತದೆಯೇ ಎಂದು ಅಳೆದು ನೋಡಲು, ಯಾವ ಪುಡಿ ಒಳ್ಳೆಯದು ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಕಾರ್ಬೊನೈಲ್ ಪುಡಿ. ಮೂರು ಬಗೆಯನ್ನೂ ತರಿಸಿ, ಒಂದೇ ಸೆಲ್‌ಗೆ (ಪ್ರಯೋಗದ ಮುಚ್ಚಿದ ಪಾತ್ರೆಗೆ) ತುಂಬಿ, ಶಾಖ ಅಳೆಯುವ ಒಂದೇ ಕ್ಯಾಲೊರಿಮೀಟರ್‌ನಲ್ಲಿ ಇಟ್ಟು ನೋಡಿದ ಮೇಲೆ ಹೇಳುತ್ತಿದ್ದೇನೆ. ರೇನಿ ನಿಕಲ್‌ಗೆ ಸುರಿದ ದುಡ್ಡೂ ಸಮಯವೂ ನನಗೆ ದಕ್ಕಲಿಲ್ಲ.

ರೇನಿ ಕಡೆ ಮನಸ್ಸು ಎಳೆಯುವುದು ಹೈಡ್ರೋಜನ್ ತಾಗಲು ಅದರಲ್ಲಿ ಸಿಗುವ ಮೇಲ್ಮೈಗಾಗಿ. ನಿಕಲ್, ಅಲ್ಯುಮಿನಿಯಂ ಎರಡನ್ನೂ ಹೆಚ್ಚುಕಡಿಮೆ ಸಮ ತೂಕದಲ್ಲಿ ಬೆರೆಸಿ ಕರಗಿಸುತ್ತಾರೆ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಅಲ್ಯುಮಿನಿಯಂ ಅನ್ನು ತೆಗೆಯುತ್ತಾರೆ. ಉಳಿಯುವುದು ತೂತುತೂತಾದ ನಿಕಲ್. ಒಂದು ಗ್ರಾಂಗೆ ಹತ್ತಾರು ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಕಾರ್ಬೊನೈಲ್ ಪುಡಿಯಲ್ಲಿ ಒಂದು ಚದರ ಮೀಟರೂ ಇರುವುದಿಲ್ಲ. ಅಂಕಿ ನೋಡಿದರೆ ರೇನಿಯೇ ಗೆಲ್ಲಬೇಕು ಅಲ್ವಾ?

ತೊಂದರೆ ಇರುವುದು ನೀರಿನಲ್ಲಿ. ರೇನಿ ನಿಕಲ್ ನೀರಿನಡಿಯಲ್ಲೇ ಬರುತ್ತದೆ, ಏಕೆಂದರೆ ಒಣಗಿದರೆ ಗಾಳಿಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೋಸಿದ ಕಾಗದದ ಮೇಲೆ ಚೂರು ಉಳಿದು ಒಣಗಿದರೂ ಸಾಕು, ಕಾಗದಕ್ಕೆ ಬೆಂಕಿ ಹತ್ತುತ್ತದೆ. ಹಾಗಾಗಿ ಒದ್ದೆಯಾಗಿಯೇ ಸೆಲ್‌ಗೆ ಹಾಕಿ, ಅಲ್ಲೇ ವ್ಯಾಕ್ಯೂಮ್‌ನಲ್ಲಿ ಒಣಗಿಸಬೇಕು. ಸಣ್ಣ ತೂತುಗಳೊಳಗಿನ ನೀರು ಸುಲಭಕ್ಕೆ ಬಿಡುವುದಿಲ್ಲ. ಪಂಪ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಒತ್ತಡದ ಗೇಜ್ ಇಳಿದು ನಿಂತಿತು ಅಂದುಕೊಂಡು ಬಿಸಿ ಮಾಡಿದರೆ ಮತ್ತೆ ಏರುತ್ತದೆ. ಪುಡಿಯಲ್ಲಿ ಮೊದಲೇ ಅಂಟಿಕೊಂಡಿರುವ ಹೈಡ್ರೋಜನ್ ಕೂಡ ಆಗಲೇ ಹೊರಬರುತ್ತದೆ. ಒತ್ತಡದಲ್ಲಿ ನೀರಾವಿಯ ಪಾಲೆಷ್ಟು, ಹೈಡ್ರೋಜನ್ ಪಾಲೆಷ್ಟು ಎಂದು ಬರೀ ಗೇಜ್ ನೋಡಿ ಹೇಳಲು ಆಗುವುದಿಲ್ಲ.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ನನಗೆ ಸಾಕುಸಾಕಾಗಿದ್ದು ಉಳಿದ ಅಲ್ಯುಮಿನಿಯಂನಿಂದ. ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಒಂದು ಗ್ರಾಂ ಅಲ್ಯುಮಿನಿಯಂ ನೀರಿನ ಜೊತೆ ಪೂರ್ತಿ ಸೇರಿದರೆ ಸುಮಾರು 15 ಕಿಲೋಜೂಲ್ ಶಾಖ ಬರುತ್ತದೆ, ಜೊತೆಗೆ ಹೈಡ್ರೋಜನ್ ಕೂಡ. 15 ಕಿಲೋಜೂಲ್ ಅಂದರೆ ಒಂದು ವಾಟ್‌ನಂತೆ ನಾಲ್ಕು ಗಂಟೆಗೂ ಜಾಸ್ತಿ. ಅಂಥದೇ ಸಣ್ಣ ಶಾಖವನ್ನು ಹುಡುಕಲು ಕೂತವರಿಗೆ ಇದಕ್ಕಿಂತ ದೊಡ್ಡ ಮೋಸ ಬೇರೆ ಬೇಕಿಲ್ಲ. ನಿಕಲ್–ಹೈಡ್ರೋಜನ್‌ನಿಂದ ಹೆಚ್ಚುವರಿ ಶಾಖ ಬರುತ್ತದೆ ಎಂದು 1994ರಲ್ಲಿ ಇಟಲಿಯ ಫೊಕಾರ್ಡಿ, ಪಿಯಾಂಟೆಲ್ಲಿ ಮತ್ತು ಜೊತೆಗಾರರು ವರದಿ ಮಾಡಿದರು. ಗೂಗಲ್ ಹಣ ಕೊಟ್ಟು ನಡೆಸಿದ ಮರುಪರಿಶೀಲನೆಯಲ್ಲಿ ಅಂಥ ಪುರಾವೆ ಸಿಗಲಿಲ್ಲ ಎಂದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇಂಥ ಕ್ಷೇತ್ರದಲ್ಲಿ ಪುಡಿಯೇ ತನ್ನಷ್ಟಕ್ಕೆ ಶಾಖ ಬಿಡುತ್ತಿದ್ದರೆ ನಮ್ಮ ಅಳತೆಯನ್ನು ಯಾರು ನಂಬುತ್ತಾರೆ?

ಕಾರ್ಬೊನೈಲ್ ಪುಡಿಯಲ್ಲಿ ಈ ಗೊಂದಲ ಇಲ್ಲ. 1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಜೊತೆಗಾರರು ಕಂಡುಕೊಂಡ ರಸಾಯನವೇ ಇದಕ್ಕೆ ಬುಡ: ನಿಕಲ್ ಅನ್ನು ಕಾರ್ಬನ್ ಮೊನಾಕ್ಸೈಡ್ ಜೊತೆ ಅನಿಲವಾಗಿಸಿ, ಆಮೇಲೆ ಬಿಸಿಗೆ ಒಡೆದು ಶುದ್ಧ ಲೋಹ ಪಡೆಯುವುದು. ಮೇಲ್ಮೈಯಲ್ಲಿ ತೆಳ್ಳನೆ ಆಕ್ಸೈಡ್ ಇರುತ್ತದೆ, ಅಷ್ಟೆ. ಅದನ್ನು ಹೈಡ್ರೋಜನ್ ಹರಿಸಿ ತೆಗೆಯುವಾಗಲೂ ಶಾಖದ ಲೆಕ್ಕ ಸಿಗುತ್ತದೆ. ನಿಕಲ್ ಆಕ್ಸೈಡ್ ಒಡೆಯಲು ಮೋಲ್‌ಗೆ ಸುಮಾರು 240 ಕಿಲೋಜೂಲ್ ಬೇಕು, ಅದರ ಆಕ್ಸಿಜನ್ ಹೈಡ್ರೋಜನ್ ಜೊತೆ ಸೇರಿ ನೀರಾವಿ ಆಗುವಾಗ ಸುಮಾರು 242 ವಾಪಸ್ ಬರುತ್ತದೆ. ಬಹುತೇಕ ಸರಿಸಮ. ಆವಿ ತಣ್ಣಗಿನ ಕಡೆ ಹನಿಗಟ್ಟಿದರೆ ಇನ್ನೊಂದು 44 ಸೇರುತ್ತದೆ. ಅದಕ್ಕೇ ಅನಿಲ ಹೊರಹೋಗುವ ಟ್ಯೂಬನ್ನೂ ಬೆಚ್ಚಗಿಡುತ್ತೇನೆ.

ನಾನು ಹೈಡ್ರೋಜನ್ ಶೇ 4ಕ್ಕಿಂತ ಕಡಿಮೆ ಇರುವ ಆರ್ಗಾನ್ ಹರಿಸಿ, 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸೈಡನ್ನು ನಿಧಾನಕ್ಕೆ ತೆಗೆಯುತ್ತೇನೆ. ಅವಸರಕ್ಕೆ ಬಿಸಿ ಏರಿಸಿದರೆ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಆಕ್ಸೈಡ್ ಹೋದ ಪುಡಿಯನ್ನು ಹೊರಗೆ ತೆಗೆಯುವುದಿಲ್ಲ, ಅದೇ ಸೆಲ್‌ನಲ್ಲಿ ಮುಂದುವರಿಸುತ್ತೇನೆ. ತೆಗೆಯಲೇಬೇಕು ಅಂದರೆ ಪೂರ್ತಿ ತಣಿಸಿ, ಗಾಳಿಯನ್ನು ಚೂರುಚೂರೇ ಬಿಡಬೇಕು. ಆ ಪುಡಿಯ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಮಾತ್ರ ಸುಳಿಯಬಾರದು. 50 ಡಿಗ್ರಿ ಆಸುಪಾಸಿನಲ್ಲೇ ನಿಕಲ್ ಕಾರ್ಬೊನೈಲ್ ಅನಿಲ ಆಗಿಬಿಡುತ್ತದೆ, ಅದು ಘೋರ ವಿಷ.

ಕಾರ್ಬೊನೈಲ್‌ನ ಕಾಟ ಏನಿದ್ದರೂ ದೂಳು. ಎಳೆಎಳೆಯಾದ ಬಗೆ ಹತ್ತಿಯಂತೆ ಹಗುರ, ಒಂದು ಘನ ಸೆಂಟಿಮೀಟರಿಗೆ ಅರ್ಧ ಗ್ರಾಂ ಸುತ್ತಮುತ್ತ. ನಾನು ಮುಳ್ಳುಮುಳ್ಳಾದ, ಸ್ವಲ್ಪ ಭಾರದ ಬಗೆಗೆ ಬದಲಾಯಿಸಿದೆ. ಆದರೂ ಕಣಗಳು ಕೆಲವೇ ಮೈಕ್ರಾನ್, ಶ್ವಾಸಕೋಶದ ಒಳಗೆ ಹೋಗುವಷ್ಟು ಸಣ್ಣವು. ನಿಕಲ್ ಲೋಹವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ ಗುಂಪಿನಲ್ಲಿ (ಕ್ಯಾನ್ಸರ್ ತರುವ ಸಾಧ್ಯತೆ ಇರುವವು), ನಿಕಲ್ ಸಂಯುಕ್ತಗಳನ್ನು 1ನೇ ಗುಂಪಿನಲ್ಲಿ (ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವು) ಇಟ್ಟಿದೆ. ಸರ್ಜಿಕಲ್ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು. ಮುಖಕ್ಕೆ ಸರಿಯಾಗಿ ಕೂರುವ ಪಿ3 ಅಥವಾ ಪಿ100 ಫಿಲ್ಟರ್ ಮಾಸ್ಕ್, ನೈಟ್ರೈಲ್ ಕೈಗವಸು ಬೇಕೇ ಬೇಕು. ನಿಕಲ್ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ತೂಕ, ತುಂಬುವುದು ಎಲ್ಲ ಗ್ಲೌವ್ ಬ್ಯಾಗ್ ಒಳಗೇ, ಅಂದರೆ ಕೈಗವಸು ಜೋಡಿಸಿರುವ ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗೆ.

ಚೆಲ್ಲಿದರೆ ಗುಡಿಸಬೇಡಿ, ಊದಬೇಡಿ. ಪ್ಲಾಸ್ಟಿಕ್ ಚೀಲದೊಳಗೆ ಆಯಸ್ಕಾಂತ ಇಟ್ಟು ಮೇಲೆ ಆಡಿಸಿದರೆ ಪುಡಿ ಅಂಟಿಕೊಳ್ಳುತ್ತದೆ. ಚೀಲವನ್ನು ಒಳಹೊರಗು ಮಾಡಿ ಕಟ್ಟಿಬಿಡಿ, ಮಿಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಯಸ್ಕಾಂತ ತಕ್ಕಡಿಯಿಂದ ದೂರವಿರಲಿ, ತೂಕ ತಪ್ಪುತ್ತದೆ. ಬೆಂಕಿ ಹತ್ತಿದರೆ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಬೇಡ, ಒಣ ಮರಳು ಸುರಿಯಿರಿ.

ಅಟೊಮೈಸ್ಡ್ ಪುಡಿ, ಅಂದರೆ ಕರಗಿದ ಲೋಹವನ್ನು ಹನಿಹನಿಯಾಗಿ ಸಿಡಿಸಿ ಮಾಡಿದ್ದು, ಗುಂಡಗಿನ ದಪ್ಪ ಕಣಗಳದ್ದು, ದೂಳು ಕಡಿಮೆ, ಸಲೀಸಾಗಿ ಸುರಿಯಬಹುದು. ಮೇಲ್ಮೈ ತೀರಾ ಕಡಿಮೆ. ನಾನು ಅದನ್ನು ಕ್ಯಾಲೊರಿಮೀಟರ್‌ನ ಅಳತೆಯನ್ನು ಹೋಲಿಸಿ ನೋಡುವ ಪ್ರಯೋಗಕ್ಕೆ ಮಾತ್ರ ಬಳಸುತ್ತೇನೆ.

ದೊಡ್ಡ ಗ್ಲೌವ್ ಬಾಕ್ಸ್, ಅನಿಲ ಬೇರ್ಪಡಿಸಿ ತೋರಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಇದ್ದವರಿಗೆ ರೇನಿ ಹೊಂದಬಹುದು. ನನ್ನ ಬಜೆಟ್ ಗ್ಲೌವ್ ಬ್ಯಾಗ್‌ನಷ್ಟೇ, ಕೆಲಸವೂ ಹೆಚ್ಚಾಗಿ ಒಬ್ಬನೇ. ಮಿಕ್ಕ ರೇನಿ ಈಗಲೂ ನೀರಿನಡಿಯಲ್ಲೇ ಇದೆ. ಅದು ನಿಧಾನಕ್ಕೆ ಹೈಡ್ರೋಜನ್ ಬಿಡುತ್ತಲೇ ಇರುವುದರಿಂದ ಮುಚ್ಚಳದಲ್ಲಿ ಗಾಳಿ ಹೋಗುವ ದಾರಿ ಇದೆ. ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಅದನ್ನು ಹಾಗೆಯೇ, ಚೀಟಿ ಅಂಟಿಸಿ ಕೊಡುತ್ತೇನೆ.