ಮರಳಿನ ಲೆಕ್ಕಕ್ಕೆ ಉಪಗ್ರಹವೋ, ಗುಂಡಿಯೋ?

ಮರಳು ಗಣಿಗಾರಿಕೆಗೆ ಪರಿಸರ ಅನುಮತಿ ಕೊಡಲು ಜಿಲ್ಲಾ ಸಮೀಕ್ಷಾ ವರದಿಯೇ (ಜಿಲ್ಲೆಯಲ್ಲಿ ಮರಳು, ಕಲ್ಲು ಎಲ್ಲಿ, ಎಷ್ಟಿದೆ ಎಂದು ಹೇಳುವ ವರದಿ) ಆಧಾರ; 2016ರ ಕೇಂದ್ರ ಅಧಿಸೂಚನೆ ಹಾಗೆ ಹೇಳುತ್ತದೆ. ವರದಿ ತಯಾರಿಸುವವರಿಗೆ ಉಪಗ್ರಹ ಚಿತ್ರ ಇಡೀ ಜಿಲ್ಲೆಯ ನದಿಪಾತ್ರ, ಮರಳುದಿಬ್ಬ, ಬಂಡೆಗಳ ಹರವನ್ನು ಬೇಗ ತೋರಿಸುತ್ತದೆ. ಆದರೆ ದಿಬ್ಬದ ಅಗಲ ಕಂಡರೂ ಆಳ ಕಾಣದು. ದಿಬ್ಬದಲ್ಲಿ ಪರೀಕ್ಷೆಗೆಂದು ಗುಂಡಿ ತೋಡುವುದು ನಿಧಾನ, ಖರ್ಚಿನ ಕೆಲಸ. ಆದರೂ ಮರಳು ಎಷ್ಟು ಆಳಕ್ಕಿದೆ, ಅದರಡಿ ಜೇಡಿಮಣ್ಣೋ ಬಂಡೆಯೋ, ನೀರು ಎಲ್ಲಿ ಸಿಗುತ್ತದೆ, ಎಲ್ಲವೂ ಕಣ್ಣಾರೆ ಗೊತ್ತಾಗುತ್ತದೆ. ನದಿಯಲ್ಲಿ 3 ಮೀಟರ್‌ಗಿಂತ ಆಳಕ್ಕೆ ತೆಗೆಯಬಾರದೆಂಬ ಮಿತಿ ಪಾಲಿಸಲು ಈ ಲೆಕ್ಕ ಬೇಕೇ ಬೇಕು.

ಕಟ್ಟಡಕಲ್ಲು, ಜಲ್ಲಿಗಾದರೆ ಚಿತ್ರ ಮತ್ತು ಭೂವೈಜ್ಞಾನಿಕ ನಕ್ಷೆಯಿಂದ ಶುರು ಮಾಡಿ. ಮರಳಿಗೆ ನನ್ನ ಮತ ಗುಂಡಿಗೇ. ಜೊತೆಗೆ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನದಿಪಾತ್ರದ ಮಟ್ಟ ಅಳೆಯಿರಿ. ಹೊಸದಾಗಿ ಬಂದು ಸೇರಿದ ಮರಳೆಷ್ಟೆಂದು ತಿಳಿಯುತ್ತದೆ.